ಮ್ಯೂನಿಕ್ ಚಳಿಗೆ ಕಾಂಟಿನೆಂಟಲ್ ಟಿಎಸ್ 870: ಕೊಂಡದ್ದು ಯಾಕೆ, ಓಡಿದ್ದು ಹೇಗೆ

ಅಕ್ಟೋಬರ್ ಬಂತೆಂದರೆ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ದಸರಾ ಗೊಂಬೆ ಫೋಟೋಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಚಳಿಗಾಲದ ಟೈರ್ ಯಾವುದು ತಗೊಳ್ಳೋದು? ಉತ್ತರಗಳೂ ಪ್ರತಿ ವರ್ಷ ಅವೇ. ಒಬ್ಬರು ಕಣ್ಣು ಮುಚ್ಚಿ ಮಿಶೆಲಿನ್ ಹಾಕಿಸಿ ಅಂತಾರೆ. ಇನ್ನೊಬ್ಬರು ಹಿಮ ಎಲ್ಲಿ ಬೀಳತ್ತೆ ಈಗ, ಸುಮ್ನೆ ದುಡ್ಡು ದಂಡ ಅಂತಾರೆ. ಮತ್ತೊಬ್ಬರು ಆಲ್ ಸೀಸನ್ ಹಾಕಿಸಿಬಿಡಿ, ವರ್ಷಕ್ಕೆ ಎರಡು ಸಲ ಬದಲಾಯಿಸೋ ತಲೆನೋವು ಇರಲ್ಲ ಅಂತಾರೆ. ಯಾರೂ ಕೇಳದ ಪ್ರಶ್ನೆ ಒಂದೇ: ನೀವು ಎಲ್ಲಿ ಓಡಿಸ್ತೀರಿ?

ನನ್ನ ಪ್ರಕಾರ ಟೈರ್ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಬ್ರ್ಯಾಂಡ್ ಆಮೇಲಿನ ಮಾತು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮ್ಯೂನಿಕ್‌ನಲ್ಲಿ ಇದ್ದು, ಚಳಿಗಾಲದಲ್ಲೂ ವಾರದ ಕೊನೆಗೆ ಆಲ್ಪ್ಸ್ ಕಡೆ ಹೋಗುವವರಾದರೆ ಪೂರ್ತಿ ಚಳಿಗಾಲದ ಟೈರೇ ಬೇಕು. ನಾನು ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 870 ತಗೊಂಡೆ, ಚೆನ್ನಾಗಿದೆ, ಮತ್ತೆ ಕೊಳ್ಳುವುದಾದರೂ ಇದೇ ವರ್ಗದ್ದನ್ನೇ ಕೊಳ್ಳುತ್ತೇನೆ. ಇದೇ ಮಾತನ್ನು ಡುಸೆಲ್ಡಾರ್ಫ್‌ನಲ್ಲಿರುವ ನನ್ನ ಭಾವನಿಗೆ ಮಾತ್ರ ನಾನು ಹೇಳಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲು ನನ್ನ ಕಾರು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಫೋಕ್ಸ್‌ವಾಗನ್ ಗಾಲ್ಫ್ 7. ಬೇಸಿಗೆಗೆ 225/45 ಆರ್ 17 ಟೈರ್, ಚಳಿಗಾಲಕ್ಕೆ 205/55 ಆರ್ 16 (ಕೊನೆಯ ಅಂಕಿ ರಿಮ್‌ನ ಇಂಚು). ಇದು ಹೊಸದಾಗಿ ಬಂದವರಿಗೆ ಗೊಂದಲ ಮಾಡುತ್ತದೆ, ಒಂದೇ ಕಾರಿಗೆ ಎರಡು ಅಳತೆಯಾ ಅಂತ. ಹೌದು. ಎರಡರ ಹೊರಸುತ್ತು ಹೆಚ್ಚುಕಮ್ಮಿ ಒಂದೇ, ರಿಮ್ ಚಿಕ್ಕದು, ರಬ್ಬರ್ ಗೋಡೆ ಎತ್ತರ. 16 ಇಂಚಿನ ಟೈರ್ 17ಕ್ಕಿಂತ ಅಗ್ಗ, ಗುಂಡಿಗೆ ಬಿದ್ದರೆ ರಿಮ್ ಪೆಟ್ಟಾಗುವುದೂ ಕಮ್ಮಿ. ನಿಮ್ಮ ಕಾರಿಗೆ ಯಾವ ಯಾವ ಅಳತೆಗೆ ಅನುಮತಿ ಇದೆ ಅನ್ನುವುದು ಕಾರಿನ ಜೊತೆ ಬರುವ ಸಿಒಸಿ (ಸರ್ಟಿಫಿಕೇಟ್ ಆಫ್ ಕನ್ಫಾರ್ಮಿಟಿ) ಕಾಗದದಲ್ಲಿ ಬರೆದಿರುತ್ತದೆ. ಅಂಗಡಿಯವನ ಬಾಯಿಮಾತು ನಂಬಬೇಡಿ, ಆ ಕಾಗದ ನೋಡಿ. ಅಳತೆಯ ಪಕ್ಕದ 91 ಎಚ್ ಅಂದರೆ ಒಂದು ಟೈರ್ 615 ಕೆ.ಜಿ. ಹೊರುತ್ತದೆ, ಗಂಟೆಗೆ 210 ಕಿ.ಮೀ. ತನಕ ತಡೆಯುತ್ತದೆ. ಟಿ ಅಂತಿದ್ದರೆ 190. ಕಾರಿನ ಗರಿಷ್ಠ ವೇಗಕ್ಕಿಂತ ಕಮ್ಮಿ ವೇಗದ ಚಳಿಗಾಲದ ಟೈರ್ ಹಾಕಲು ಜರ್ಮನಿಯಲ್ಲಿ ಅವಕಾಶ ಇದೆ, ಆದರೆ ಆ ವೇಗ ಬರೆದ ಸಣ್ಣ ಸ್ಟಿಕ್ಕರ್ ಓಡಿಸುವವರ ಕಣ್ಣಿಗೆ ಕಾಣುವ ಕಡೆ ಇರಬೇಕು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನ ತನಕ ಅಂತ ನಿಯಮ ಇಲ್ಲ. ರಸ್ತೆಯಲ್ಲಿ ಹಿಮ, ಕೆಸರುಹಿಮ, ಮಂಜುಗಡ್ಡೆ ಅಥವಾ ಹೆಪ್ಪುಗಟ್ಟಿದ ಇಬ್ಬನಿ ಇದ್ದರೆ ಚಳಿಗಾಲದ ಟೈರ್ ಇರಲೇಬೇಕು, ಅಷ್ಟೇ. ಕಾರು ಸುಮ್ಮನೆ ನಿಂತಿದ್ದರೆ ಯಾರೂ ಕೇಳುವುದಿಲ್ಲ. ಓಡಿಸಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಫ್ಲೆನ್ಸ್‌ಬುರ್ಗ್‌ನಲ್ಲಿ ಇಡುವ ಚಾಲಕರ ತಪ್ಪುಗಳ ಖಾತೆಯಲ್ಲಿ ಒಂದು ಪಾಯಿಂಟ್. ಟ್ರಾಫಿಕ್‌ಗೆ ಅಡ್ಡಿಯಾದರೆ 80. ಕಾರು ಬೇರೆಯವರದ್ದಾಗಿದ್ದು, ಇಂಥ ರಸ್ತೆಗೆ ಅವರೇ ಕಳಿಸಿದ್ದಾದರೆ ಅವರಿಗೂ 75 ಯೂರೋ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಬೇಸಿಗೆ ಟೈರ್‌ನಲ್ಲಿ ಹಿಮದ ಮೇಲೆ ಗುದ್ದಿದರೆ ವಿಮೆಯವರು ನಿಮ್ಮ ಸ್ವಂತ ಕಾರಿನ ನಷ್ಟದ ದುಡ್ಡು ಕಡಿತ ಮಾಡಬಹುದು.

ಟೈರ್ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ಇರಬೇಕು. ಹಳೆಯ ಎಂ ಪ್ಲಸ್ ಎಸ್ (ಮಡ್, ಸ್ನೋ, ಅಂದರೆ ಕೆಸರು, ಹಿಮ) ಅಕ್ಷರ ಮಾತ್ರ ಇದ್ದರೆ 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಲೆಕ್ಕಕ್ಕಿಲ್ಲ. ಆ ಅಕ್ಷರಕ್ಕೆ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ, ತಯಾರಕರು ತಾವೇ ಅಚ್ಚು ಹಾಕಿಕೊಳ್ಳಬಹುದಿತ್ತು. ಬೆಟ್ಟದ ಚಿಹ್ನೆ ಬೇಕಾದರೆ ಹಿಮದ ಮೇಲೆ ನಿಗದಿ ಪರೀಕ್ಷೆ ಪಾಸಾಗಬೇಕು. ಎಸ್‌ಯುವಿ ಇರುವವರು ಇದನ್ನು ಸ್ವಲ್ಪ ಗಮನಿಸಿ. ಬೇಸಿಗೆ ಟೈರ್ ಮೇಲೂ ಎಂ ಪ್ಲಸ್ ಎಸ್ ಅಚ್ಚು ಇರುವ ಎಸ್‌ಯುವಿಗಳು ಬೇಕಾದಷ್ಟಿವೆ, ಮಾಲೀಕರು ಅದನ್ನೇ ನಂಬಿಕೊಂಡಿರುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಚಳಿಗಾಲದ ಟೈರ್ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಹಿಮ. ಆದರೆ ನವೆಂಬರ್‌ನಿಂದ ಮಾರ್ಚ್ ತನಕ ಮ್ಯೂನಿಕ್‌ನಲ್ಲಿ ನಾನು ಜಾಸ್ತಿ ಓಡಿಸುವುದು ಹಿಮದ ಮೇಲಲ್ಲ, ಎರಡು ಮೂರು ಡಿಗ್ರಿಯ ಒದ್ದೆ ಡಾಂಬರಿನ ಮೇಲೆ. ಬೆಳಿಗ್ಗೆ ಏಳಕ್ಕೆ ಕತ್ತಲು, ಸಂಜೆ ಐದಕ್ಕೆ ಕತ್ತಲು, ನಡುವೆ ಜಿನುಗು ಮಳೆ, ರಸ್ತೆ ಮೇಲೆ ಉಪ್ಪುನೀರು, ಕೊಳೆತ ಎಲೆ. ಬೇಸಿಗೆ ಟೈರ್‌ನ ರಬ್ಬರ್ ಈ ಚಳಿಗೆ ಬಿಗಿಯಾಗುತ್ತದೆ. ನಮ್ಮೂರಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತುಬಿಡುತ್ತದಲ್ಲ, ಆ ಥರ. ಚಳಿಗಾಲದ ಟೈರ್‌ನಲ್ಲಿ ಮಿಶ್ರಣವೇ ಬೇರೆ. ನೈಸರ್ಗಿಕ ರಬ್ಬರ್ ಮತ್ತು ಸಿಲಿಕಾ ಜಾಸ್ತಿ ಇರುತ್ತದೆ, ಸೊನ್ನೆಗಿಂತ ಕೆಳಗೂ ಮೆತ್ತಗಿರುತ್ತದೆ. (ಸುಳ್ಯ ಪುತ್ತೂರಿನ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ತೋಟದ ರಬ್ಬರ್‌ಗೆ ಇಲ್ಲೂ ಬೆಲೆ ಇದೆ ಅನ್ನಿ.) 7 ಡಿಗ್ರಿಗಿಂತ ಕೆಳಗೆ ಹೋದರೆ ಬದಲಾಯಿಸಿ ಅನ್ನುವ ಮಾತು ಕೇಳಿರುತ್ತೀರಿ. ಅದು ಒಂದು ಅಂದಾಜು, ಅಷ್ಟೇ. 7ರಲ್ಲಿ ಸ್ವಿಚ್ ಹಾಕಿದ ಹಾಗೆ ಏನೂ ಆಗುವುದಿಲ್ಲ. ಒಣ ರಸ್ತೆಯಲ್ಲಿ ಒಳ್ಳೆಯ ಬೇಸಿಗೆ ಟೈರ್ 5 ಡಿಗ್ರಿಯಲ್ಲೂ ಚೆನ್ನಾಗಿಯೇ ನಿಲ್ಲುತ್ತದೆ. ಹಿಮದ ಮೇಲೆ ಮಾತ್ರ ಚರ್ಚೆಗೆ ಜಾಗವೇ ಇಲ್ಲ. 50 ಕಿ.ಮೀ. ವೇಗದಿಂದ ನಿಲ್ಲಲು ಬೇಸಿಗೆ ಟೈರ್‌ಗೆ ಸುಮಾರು ಎರಡು ಪಟ್ಟು ದೂರ ಬೇಕು.

ಹಿಮದ ಮೇಲೆ ಕೆಲಸ ಮಾಡುವುದು ದೊಡ್ಡ ಗೀರುಗಳಲ್ಲ, ಗೀರುಗಳ ನಡುವಿನ ಪ್ರತಿ ರಬ್ಬರ್ ಕಟ್ಟೆಯ ಮೇಲೂ ಇರುವ ನೂರಾರು ಸಣ್ಣ ಸೀಳುಗಳು. ಅವು ಬಾಗಿ ತೆರೆದು ಹಿಮವನ್ನು ಕಚ್ಚುತ್ತವೆ. ಇನ್ನೂ ಸ್ವಾರಸ್ಯ ಅಂದರೆ ಆ ಸೀಳು ಮತ್ತು ಗೀರುಗಳಲ್ಲಿ ತುಂಬಿಕೊಂಡ ಹಿಮವೇ ಕೆಳಗಿನ ಹಿಮಕ್ಕೆ ಅಂಟಿಕೊಂಡು ಹಿಡಿತ ಕೊಡುತ್ತದೆ. ಟೈರ್‌ನಲ್ಲಿ ಹಿಮ ಮೆತ್ತಿಕೊಂಡಿರುವುದನ್ನು ನೋಡಿ ಎಷ್ಟೋ ಜನ ಕಾಲಲ್ಲಿ ಒದ್ದು ಕೊಡವುತ್ತಾರೆ. ಬೇಕಿಲ್ಲ, ಅದು ಅಲ್ಲೇ ಇರಲಿ.

ನಮ್ಮವರಲ್ಲಿ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಅಮೆರಿಕ, ಕೆನಡಾದ ವೀಡಿಯೋ ನೋಡುತ್ತಾರೆ. ಅಲ್ಲಿ ಮಿಶೆಲಿನ್ ಎಕ್ಸ್ ಐಸ್, ಬ್ರಿಜ್‌ಸ್ಟೋನ್ ಬ್ಲಿಜ಼ಾಕ್ ಡಬ್ಲ್ಯುಎಸ್ ಸರಣಿ, ನೋಕಿಯನ್ ಹಕ್ಕಪೆಲಿಟ್ಟಾ ಅಂತ ಹೊಗಳುತ್ತಾರೆ. ನ್ಯಾಯವೇ, ಅಲ್ಲಿನ ರಸ್ತೆಗೆ ಅವು ಒಳ್ಳೆಯ ಟೈರ್‌ಗಳೇ. ಆದರೆ ಅವು ನಾರ್ಡಿಕ್ ಮಾದರಿ, ತಿಂಗಳುಗಟ್ಟಲೆ ಹಿಮ ಮಂಜುಗಡ್ಡೆ ಇರುವ ಊರಿಗೆ ಮಾಡಿದ ತುಂಬಾ ಮೆತ್ತನೆಯ ರಬ್ಬರ್. ಫಿನ್ಲೆಂಡ್‌ನ ನೋಕಿಯನ್ ಕಂಪನಿಯವರು 1934ರಲ್ಲೇ ಲಾರಿಗೆ ಅಂತ ಜಗತ್ತಿನ ಮೊದಲ ಚಳಿಗಾಲದ ಟೈರ್ ಮಾಡಿದ್ದರು, ಹಕ್ಕಪೆಲಿಟ್ಟಾ 1936ರದ್ದು. ಅವರ ಚಳಿಯೇ ಬೇರೆ. ಜರ್ಮನಿಯ ಒದ್ದೆ ಆಟೋಬಾನ್ ಮೇಲೆ 120ರಲ್ಲಿ ಹೋಗುವಾಗ ಆ ಮೆತ್ತನೆ ರಬ್ಬರ್ ತೇಲಾಡುತ್ತದೆ, ಒದ್ದೆಯಲ್ಲಿ ನಿಲ್ಲಲು ಜಾಸ್ತಿ ದೂರ ತಗೊಳ್ಳುತ್ತದೆ. ನಮಗೆ ಬೇಕಾದ್ದು ಮಧ್ಯ ಯೂರೋಪಿನ ಮಾದರಿ. ಕಾಂಟಿನೆಂಟಲ್‌ನಲ್ಲಿ ಟಿಎಸ್ ಸರಣಿ, ಮಿಶೆಲಿನ್‌ನಲ್ಲಿ ಆಲ್ಪಿನ್, ಗುಡ್‌ಇಯರ್‌ನಲ್ಲಿ ಅಲ್ಟ್ರಾಗ್ರಿಪ್, ಬ್ರಿಜ್‌ಸ್ಟೋನ್‌ನಲ್ಲಿ ಬ್ಲಿಜ಼ಾಕ್ ಎಲ್‌ಎಂ 005. ಬ್ಲಿಜ಼ಾಕ್ ಅನ್ನುವ ಒಂದೇ ಹೆಸರಲ್ಲಿ ಎರಡೂ ಮಾದರಿ ಇವೆ ನೋಡಿ, ಹೆಸರು ನೋಡಿ ಆರ್ಡರ್ ಮಾಡಿದರೆ ಕಷ್ಟ.

ಇದನ್ನು ಗುರುತಿಸಲು ಯೂರೋಪ್ ಒಕ್ಕೂಟದ ಲೇಬಲ್ ಸಹಾಯ ಮಾಡುತ್ತದೆ. 2021ರ ಮೇ ತಿಂಗಳಿನಿಂದ ಬಂದ ಹೊಸ ಲೇಬಲ್‌ನಲ್ಲಿ ಇಂಧನಕ್ಕೆ ಎ ಇಂದ ಇ, ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ, ಹೊರಗೆ ಕೇಳುವ ಸದ್ದಿಗೆ ಡೆಸಿಬೆಲ್. ಕೆಳಗೆ ಬೆಟ್ಟದ ಚಿಹ್ನೆ ಇದ್ದರೆ ಹಿಮಕ್ಕೆ ಪಾಸು. ಅದರ ಪಕ್ಕದಲ್ಲಿ ಮಂಜುಗಡ್ಡೆಯ ಚಿಹ್ನೆಯೂ ಇದ್ದರೆ ಅದು ನಾರ್ಡಿಕ್ ಟೈರ್. ಮಂಜುಗಡ್ಡೆಗೂ ಪಾಸು ಅಂದರೆ ಇನ್ನೂ ಒಳ್ಳೇದಲ್ವಾ ಅಂತ ಅನಿಸುತ್ತದೆ, ಮ್ಯೂನಿಕ್‌ಗೆ ಅದು ಉಲ್ಟಾ. ನಾನು ಮೊದಲು ನೋಡಿದ್ದು ಒದ್ದೆ ಹಿಡಿತದ ಅಕ್ಷರ. ಸಿ ಗಿಂತ ಕೆಳಗಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟೆ. ಟಿಎಸ್ 870ಕ್ಕೆ ನನ್ನ ಅಳತೆಯಲ್ಲಿ ಬಿ ಇದೆ, ಎಲ್‌ಎಂ 005ಕ್ಕೆ ಎ.

ಆದರೆ ಲೇಬಲ್ ಹೇಳದ ವಿಷಯ ತುಂಬಾ ಇದೆ. ಹಿಮದ ಮೇಲೆ ಒಂದಕ್ಕಿಂತ ಒಂದು ಎಷ್ಟು ಮೇಲು ಅಂತ ಹೇಳುವುದಿಲ್ಲ, ಪಾಸೋ ಇಲ್ಲವೋ ಅಷ್ಟೇ. ಒಣ ರಸ್ತೆಯ ಬ್ರೇಕ್ ಬಗ್ಗೆ ಇಲ್ಲ, ಎಷ್ಟು ಬೇಗ ಸವೆಯುತ್ತದೆ ಅಂತಲೂ ಇಲ್ಲ. ಅದಕ್ಕೇ ಎಡಿಎಸಿ ಪರೀಕ್ಷೆ ಬೇಕು. ಇದು ಜರ್ಮನಿಯ ವಾಹನ ಸವಾರರ ಸಂಘ, 1903ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಇದೇ ಮ್ಯೂನಿಕ್‌ನಲ್ಲಿ. ಪ್ರತಿ ವರ್ಷ ಚಳಿಗಾಲ ಶುರುವಾಗುವ ಮುಂಚೆ ಚಳಿಗಾಲದ ಟೈರ್‌ಗಳ ಫಲಿತಾಂಶ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. 2023ರಿಂದ ಅಂಕ ಕೊಡುವ ರೀತಿ ಬದಲಾಗಿದೆ: ಸುರಕ್ಷತೆಗೆ 70 ಪಾಲು, ಸವೆತ, ಇಂಧನ, ಸದ್ದು ಸೇರಿ ಪರಿಸರಕ್ಕೆ 30 ಪಾಲು. ನಾನು ಒಟ್ಟು ಅಂಕ ನೋಡುವುದಿಲ್ಲ. ಒಳಗೆ ಹೋಗಿ ಒದ್ದೆ, ಹಿಮ ಎರಡೇ ಕಾಲಂ ನೋಡುತ್ತೇನೆ. ಬಾಳಿಕೆಯಲ್ಲಿ ಅಂಕ ಗಿಟ್ಟಿಸಿ ಒದ್ದೆಯಲ್ಲಿ ಸೋತ ಟೈರ್ ನನಗೆ ಬೇಡ. ಗಟ್ಟಿ ರಬ್ಬರ್ ಜಾಸ್ತಿ ಬಾಳುವುದು ಸಹಜ, ಹಿಡಿತ ಕಮ್ಮಿ ಇರುವುದೂ ಅದೇ ಕಾರಣಕ್ಕೆ. ತೀರಾ ಅಗ್ಗದ, ಹೆಸರೇ ಕೇಳಿರದ ಟೈರ್‌ಗಳು ಈ ಪರೀಕ್ಷೆಗಳಲ್ಲಿ ಮಕಾಡೆ ಮಲಗುವುದು ಸಾಮಾನ್ಯವಾಗಿ ಒದ್ದೆ ರಸ್ತೆಯ ವಿಭಾಗದಲ್ಲೇ.

ದುಡ್ಡು ಉಳಿಸಲೇಬೇಕು ಅನ್ನುವವರಿಗೆ ನಡುವಿನ ದಾರಿ ಇದೆ. ದೊಡ್ಡ ಕಂಪನಿಗಳಿಗೆಲ್ಲ ಎರಡನೇ ಸಾಲಿನ ಬ್ರ್ಯಾಂಡ್‌ಗಳಿವೆ. ಸೆಂಪರಿಟ್, ಯೂನಿರಾಯಲ್, ಬಾರುಮ್ ಮೂರೂ ಕಾಂಟಿನೆಂಟಲ್‌ನವೇ. ಕ್ಲೇಬರ್ ಮಿಶೆಲಿನ್‌ನದು, ಫುಲ್ಡಾ ಗುಡ್‌ಇಯರ್‌ನದು, ಫೈರ್‌ಸ್ಟೋನ್ ಬ್ರಿಜ್‌ಸ್ಟೋನ್‌ನದು. ಅಪರಿಚಿತ ಹೆಸರಿಗಿಂತ ಇವು ಎಷ್ಟೋ ವಾಸಿ. ಇನ್ನು ವ್ರೆಡೆಸ್ಟೈನ್ ಅನ್ನುವ ಡಚ್ ಬ್ರ್ಯಾಂಡ್ ಇದೆಯಲ್ಲ, ಅದು 2009ರಿಂದ ನಮ್ಮ ಅಪೊಲೊ ಟೈರ್ಸ್ ಕೈಯಲ್ಲಿದೆ. ಅವರ ವಿಂಟ್ರಾಕ್ ಇಲ್ಲಿ ಚೆನ್ನಾಗಿ ಓಡುವ ಟೈರ್. ಮೈಸೂರಿನವರಿಗೆ ಟೈರ್ ಅಂದರೆ ಇನ್ನೂ ವಿಕ್ರಾಂತ್ ನೆನಪಾಗುತ್ತದೆ, ಇಲ್ಲಿ ಅಂಗಡಿಯಲ್ಲಿ ಭಾರತದ ಕಂಪನಿಯ ಹಿಮದ ಟೈರ್ ನೋಡುವುದು ಒಂಥರಾ ಖುಷಿ. ನಾನು ಅದನ್ನು ತಗೊಳ್ಳದೆ ಇದ್ದದ್ದಕ್ಕೆ ಕಾರಣ ಇಷ್ಟೇ, ಆ ವಾರ ನನ್ನ ಅಳತೆಯಲ್ಲಿ ಕಾಂಟಿನೆಂಟಲ್‌ಗೂ ಅದಕ್ಕೂ ಬೆಲೆಯ ಅಂತರ ಕಮ್ಮಿ ಇತ್ತು.

ಆಲ್ ಸೀಸನ್ ಬಗ್ಗೆ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2015ರಲ್ಲಿ ಬಂದ ಮೇಲೆ ಈ ವರ್ಗದ ಮರ್ಯಾದೆ ಏರಿದೆ. ಆಮೇಲೆ ಬಂದ ಕ್ರಾಸ್‌ಕ್ಲೈಮೇಟ್ 2ಕ್ಕೆ ಬೆಟ್ಟದ ಚಿಹ್ನೆಯೂ ಇದೆ, ಕಾನೂನಿಗೆ ತೊಂದರೆ ಇಲ್ಲ. ಡುಸೆಲ್ಡಾರ್ಫ್, ಕಲೋನ್, ಫ್ರಾಂಕ್‌ಫರ್ಟ್ ಕಡೆ ರೈನ್ ನದಿಯ ತಗ್ಗಿನಲ್ಲಿ ಇರುವವರಿಗೆ, ಚಿಕ್ಕ ಕಾರು, ಊರೊಳಗಿನ ಓಡಾಟ, ಹಿಮ ಬಿದ್ದ ದಿನ ಕಾರು ಮನೆಯಲ್ಲೇ ಬಿಡಬಲ್ಲವರಿಗೆ ನಾನು ಅದನ್ನೇ ಹೇಳುತ್ತೇನೆ. ಭಾವನಿಗೂ ಅದನ್ನೇ ಹೇಳಿದ್ದು. ಅವನ ಕಾರು ಮಕ್ಕಳನ್ನು ಕ್ಲಾಸಿಗೆ ಬಿಡಲು, ಸಾಮಾನು ತರಲು ಬಿಟ್ಟರೆ ಹೊರಗೆ ಹೋಗುವುದೇ ಇಲ್ಲ. ಮ್ಯೂನಿಕ್‌ನಲ್ಲೂ ಊರು ಬಿಟ್ಟು ಹೋಗದೆ, ಹಿಮ ಬಂದರೆ ಊ ಬಾನ್ (ಇಲ್ಲಿನ ಮೆಟ್ರೋ) ಹತ್ತುವವರು ಇದ್ದರೆ ಆಲ್ ಸೀಸನ್ ಸಾಕು. ನಮ್ಮಂಥವರಿಗೆ, ಅಂದರೆ ಶನಿವಾರ ಬಂದರೆ ಗಾರ್ಮಿಶ್, ಟೇಗರ್ನ್‌ಜೇ, ಷ್ಪಿಟ್ಸಿಂಗ್‌ಜೇ ಅಂತ ಆಲ್ಪ್ಸ್ ಕಡೆ ಹೊರಡುವವರಿಗೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಹಿಮ ತೋರಿಸಲೇಬೇಕು ಅನ್ನುವವರಿಗೆ, ಇಳಿಜಾರಿನಲ್ಲಿ ಅದು ಸಾಲುವುದಿಲ್ಲ. ಜುಲೈನ ಬಿಸಿಲಲ್ಲಿ ಒಳ್ಳೆಯ ಬೇಸಿಗೆ ಟೈರ್‌ನಷ್ಟು ಬೇಗ ನಿಲ್ಲುವುದೂ ಇಲ್ಲ.

ನಾಲ್ಕು ಚಕ್ರಕ್ಕೂ ಎಳೆತ ಇರುವ ಕಾರು ನಮ್ಮದು, ಟೈರ್ ಯಾವುದಾದರೇನು ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಹೊರಡಲು ಅದು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು.

ಬೆಲೆ. 205/55 ಆರ್ 16ರಲ್ಲಿ ಹೆಸರಾಂತ ಕಂಪನಿಯ ಟೈರ್ ಒಂದಕ್ಕೆ ನೂರು ಯೂರೋ ಆಸುಪಾಸು, ಅಗ್ಗದ್ದು ಅದರ ಅರ್ಧಕ್ಕೂ ಸಿಗುತ್ತದೆ. ನಾನು ಟೈರ್ ಆನ್‌ಲೈನ್‌ನಲ್ಲಿ ಕೊಂಡು, ಹಳೆಯ ಉಕ್ಕಿನ ರಿಮ್ ಬೇರೆಯಾಗಿ ಹುಡುಕಿ, ಎರಡನ್ನೂ ಗ್ಯಾರೇಜ್‌ಗೆ ಒಯ್ದು ಜೋಡಿಸಿಸಿದೆ. ಬೇರೆ ರಿಮ್ ಯಾಕೆ ಅಂತ ಕೇಳಬಹುದು. ಒಂದೇ ರಿಮ್‌ನಲ್ಲಿ ಪ್ರತಿ ಆರು ತಿಂಗಳಿಗೊಮ್ಮೆ ರಬ್ಬರ್ ಕಿತ್ತು ಹಾಕಿ ಬ್ಯಾಲೆನ್ಸಿಂಗ್ ಮಾಡಿಸುವ ಕೂಲಿ ಸೇರಿಸಿ ನೋಡಿ, ಕೆಲವೇ ಸೀಸನ್‌ನಲ್ಲಿ ರಿಮ್‌ನ ದುಡ್ಡು ವಾಪಸ್. ಆ ಕಿತ್ತಾಟದಲ್ಲಿ ಟೈರ್ ಅಂಚಿಗೆ ಪೆಟ್ಟಾಗುವುದೂ ತಪ್ಪುತ್ತದೆ. ಇನ್ನೊಂದು ಲೆಕ್ಕ ಜನ ಮರೆಯುತ್ತಾರೆ. ಚಳಿಗಾಲದ ಟೈರ್ ಓಡುವಷ್ಟು ದಿನ ಬೇಸಿಗೆ ಟೈರ್ ಸವೆಯುವುದಿಲ್ಲ. ನಾಲ್ಕು ಟೈರ್‌ನ ನಾನೂರು ಯೂರೋ ವ್ಯರ್ಥ ಅನ್ನುವುದು ಆ ಕಾರಣಕ್ಕೆ ಸರಿಯಾದ ಲೆಕ್ಕ ಅಲ್ಲ. ನಿಜವಾಗಿ ಹೆಚ್ಚಿಗೆ ಖರ್ಚಾಗುವುದು ರಿಮ್, ಬದಲಾಯಿಸುವ ಕೂಲಿ, ಬೇಕಿದ್ದರೆ ಇಟ್ಟುಕೊಳ್ಳುವ ಬಾಡಿಗೆ.

ಗ್ಯಾರೇಜ್‌ನವರ ಬಗ್ಗೆ ಒಂದು ಮಾತು, ಹೆಸರು ಬೇಡ. ಮೊದಲು ವಿಚಾರಿಸಿದ ಕಡೆ ಟೈರ್ ಇದೆ, ಒಳ್ಳೆ ರೇಟ್ ಕೊಡ್ತೀವಿ ಅಂದರು. ಗೋಡೆಯ ಮೇಲಿನ ಡಿಒಟಿ ಸಂಖ್ಯೆ ನೋಡಿದರೆ ತಯಾರಾಗಿ ನಾಲ್ಕು ವರ್ಷ ದಾಟಿತ್ತು. ಕೊನೆಯ ನಾಲ್ಕು ಅಂಕಿ ಅದು, 3624 ಅಂದರೆ 2024ರ 36ನೇ ವಾರ. ಇಲ್ಲಿನ ವ್ಯಾಪಾರದಲ್ಲಿ ಸುಮಾರು ಮೂರು ವರ್ಷದ ತನಕ ಕೂತ ಟೈರನ್ನು ಹೊಸದು ಅಂತಲೇ ಮಾರುತ್ತಾರೆ, ಅದು ಒಪ್ಪಿದ ಪದ್ಧತಿ. ಅದಕ್ಕೂ ಹಳೆಯದಾದರೆ ಬೆಲೆ ಇಳಿಸಬೇಕಲ್ವಾ? ಇಳಿಸಲು ಅವರು ತಯಾರಿಲ್ಲ, ಕೊಳ್ಳಲು ನಾನೂ ತಯಾರಿಲ್ಲ. ನಮಸ್ಕಾರ ಹೇಳಿ ಬಂದೆ.

ಈಗ ಓಡಿದ್ದು ಹೇಗೆ. ಮ್ಯೂನಿಕ್‌ನಲ್ಲಿ ಇದ್ದವರಿಗೆ 2023ರ ಡಿಸೆಂಬರ್ 2 ನೆನಪಿರುತ್ತದೆ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆ 40 ಸೆಂ.ಮೀ.ಗಿಂತ ಜಾಸ್ತಿ ಹಿಮ. ವಿಮಾನ ನಿಲ್ದಾಣ ಮುಚ್ಚಿತು, ರೈಲು ನಿಂತವು, ಟ್ರಾಮ್ ಇಲ್ಲ. ಆ ದಿನ ನಾನು ಕಾರು ತೆಗೆಯಲೇ ಇಲ್ಲ, ತೆಗೆದವರನ್ನು ಕಿಟಕಿಯಿಂದ ನೋಡಿದೆ. ಅಷ್ಟು ಆಳದ ಹಿಮದಲ್ಲಿ ಟೈರ್ ಯಾವುದಿದ್ದರೂ ಕಾರಿನ ಹೊಟ್ಟೆಯೇ ಹಿಮದ ಮೇಲೆ ಕೂತುಬಿಡುತ್ತದೆ. ನಿಜವಾದ ಪರೀಕ್ಷೆ ಆಮೇಲಿನ ದಿನಗಳದ್ದು. ದೊಡ್ಡ ರಸ್ತೆ ಸ್ವಚ್ಛ, ಒಳ ಬೀದಿಗಳಲ್ಲಿ ತುಳಿದು ತುಳಿದು ಗಟ್ಟಿಯಾದ ಹಿಮ, ನಮ್ಮ ಕಟ್ಟಡದ ನೆಲಮಾಳಿಗೆ ಪಾರ್ಕಿಂಗ್‌ನಿಂದ ಮೇಲೆ ಬರುವ ಕಡಿದಾದ ಇಳಿಜಾರು ಅರ್ಧ ಹಿಮ ಅರ್ಧ ನೀರು. ಗಾಲ್ಫ್ ಒಂದಿಷ್ಟು ತಡವರಿಸಿ, ಎಳೆತ ನಿಯಂತ್ರಣದ ದೀಪ ಮಿಣುಕಿಸಿ, ಹತ್ತಿಬಿಟ್ಟಿತು. ಒಳ ಬೀದಿಯ ಗಟ್ಟಿ ಹಿಮದ ಮೇಲೆ ಖಾಲಿ ಜಾಗ ನೋಡಿ 30ರಲ್ಲಿ ಬೇಕಂತಲೇ ಜೋರಾಗಿ ಬ್ರೇಕ್ ಒತ್ತಿ ನೋಡಿದೆ. ಎಬಿಎಸ್ ಕಟಕಟ ಅಂದರೂ ಕಾರು ನೇರವಾಗಿ ನಿಂತಿತು. ಇದನ್ನು ನೀವೂ ಮಾಡಿ ನೋಡಿ, ಖಾಲಿ ಜಾಗದಲ್ಲಿ ಮಾತ್ರ. ಹಿಮದಲ್ಲಿ ನಿಮ್ಮ ಕಾರು ನಿಲ್ಲಲು ಎಷ್ಟು ದೂರ ಬೇಕು ಅಂತ ಕಾಲಿಗೆ ಗೊತ್ತಾಗಬೇಕು.

ಕೋಖೆಲ್‌ನಿಂದ ವಾಲ್ಖೆನ್‌ಜೇ ಕೆರೆಗೆ ಹತ್ತುವ ಕೆಸೆಲ್‌ಬರ್ಗ್ ತಿರುವುಗಳು ನನಗೆ ಚಾರ್ಮಾಡಿ ಘಾಟಿ ನೆನಪು ಮಾಡುತ್ತವೆ, ಲಾರಿ ಸಾಲು ಇಲ್ಲ ಅನ್ನುವುದೊಂದು ಬಿಟ್ಟರೆ. ಚಳಿಗಾಲದಲ್ಲಿ ನೆರಳಿನ ತಿರುವುಗಳಲ್ಲಿ ಬೆಳಿಗ್ಗೆಯ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಅಲ್ಲಿ ಈ ಟೈರ್ ನನಗೆ ಇಷ್ಟವಾದದ್ದು ಅದು ಮುಂಚೆಯೇ ಸೂಚನೆ ಕೊಡುವುದಕ್ಕೆ. ಹಿಡಿತ ಕಮ್ಮಿಯಾಗುತ್ತಿದೆ ಅಂತ ಸ್ಟೇರಿಂಗ್‌ನಲ್ಲೇ ಹಗುರ ಅನಿಸುತ್ತದೆ, ಥಟ್ಟನೆ ಕೈಬಿಡುವುದಿಲ್ಲ. ಒದ್ದೆ ಆಟೋಬಾನ್‌ನಲ್ಲಿ, ಎ95ರಲ್ಲಿ ಗಾರ್ಮಿಶ್ ಕಡೆ ಹೋಗುವಾಗ, ಲಾರಿ ಚಕ್ರ ಕೊರೆದ ಗೆರೆಗಳಲ್ಲಿ ನಿಂತ ನೀರಿನ ಮೇಲೂ ಸಮಾಧಾನವಾಗಿ ಹೋಗುತ್ತದೆ. ನಾನು ಈ ಟೈರ್‌ಗೆ ಅತಿ ಜಾಸ್ತಿ ಅಂಕ ಕೊಡುವುದು ಇಲ್ಲಿಗೇ, ಹಿಮಕ್ಕಲ್ಲ.

ಪೂರ್ತಿ ಮಂಜುಗಡ್ಡೆಯ ಮೇಲೆ? ಈ ವರ್ಗದ ಯಾವ ಟೈರೂ ಪವಾಡ ಮಾಡುವುದಿಲ್ಲ. ಮಳೆ ಬಿದ್ದು ನೆಲ ಮುಟ್ಟಿದ ತಕ್ಷಣ ಹೆಪ್ಪುಗಟ್ಟುವ ದಿನ ಇಲ್ಲಿ ವರ್ಷಕ್ಕೆ ಕೆಲವು ಸಲ ಬರುತ್ತದೆ, ಆ ದಿನ ಮನೆಯಲ್ಲಿರಿ. ಮೊಳೆ ಇರುವ ಟೈರ್ ಹಾಕೋಣ ಅಂದರೆ ಜರ್ಮನಿಯಲ್ಲಿ ಅದು ನಿಷಿದ್ಧ, ಆಸ್ಟ್ರಿಯಾ ಗಡಿಯ ಒಂದು ಸಣ್ಣ ತುಂಡು ರಸ್ತೆ ಬಿಟ್ಟು. ಸೇತುವೆ ಮೇಲೆ ಯಾವಾಗಲೂ ಜೋಪಾನ, ಕೆಳಗಿಂದಲೂ ಗಾಳಿ ಬೀಸುವುದರಿಂದ ಅಲ್ಲೇ ಮೊದಲು ಹೆಪ್ಪುಗಟ್ಟುವುದು.

ಬಿಸಿಲು ಬಂದ ಮಾರ್ಚ್ ಮಧ್ಯಾಹ್ನ ಒಣ ರಸ್ತೆಯಲ್ಲಿ ಕಾರು ಮೊದಲಿನಷ್ಟು ಚುರುಕಾಗಿ ತಿರುಗುವುದಿಲ್ಲ. ಮೆತ್ತನೆ ರಬ್ಬರ್, ಸೀಳುಗಳು, ಎತ್ತರದ ಗೋಡೆ, ಹೀಗಾಗಲೇಬೇಕು, ಯಾವ ಕಂಪನಿಯದ್ದಾದರೂ ಅಷ್ಟೇ. ಬೇಸಿಗೆ ಪೂರ್ತಿ ಚಳಿಗಾಲದ ಟೈರ್‌ನಲ್ಲೇ ಓಡಿಸಿ ತೀರಿಸಿಬಿಡೋಣ ಅನ್ನುವವರು ಇದ್ದಾರೆ. ಕಾನೂನು ತಡೆಯುವುದಿಲ್ಲ, ಆದರೆ ಬ್ರೇಕ್ ದೂರ ಜಾಸ್ತಿ, ಸವೆತವೂ ಜಾಸ್ತಿ. ಸದ್ದಿನ ಬಗ್ಗೆ ಹೇಳುವಂಥದ್ದೇನಿಲ್ಲ, ಒಳಗೆ ಹಾಡು ಹಾಕಿದರೆ ಕೇಳಿಸುವುದಿಲ್ಲ.

ಟಿಎಸ್ 870 ಮತ್ತು ಟಿಎಸ್ 870 ಪಿ ಅಂತ ಎರಡಿವೆ. ಪಿ ಇರುವುದು ದೊಡ್ಡ ಕಾರು, ಎಸ್‌ಯುವಿಗಳಿಗೆ. ಗಾಲ್ಫ್, ಪೋಲೊ, ಕೊರ್ಸಾ ಗಾತ್ರಕ್ಕೆ ಪಿ ಇಲ್ಲದ್ದು. ಎಲೆಕ್ಟ್ರಿಕ್ ಕಾರಿನವರು ಭಾರದ ಸಂಖ್ಯೆ ಎರಡು ಸಲ ನೋಡಿ, ಬ್ಯಾಟರಿಯ ತೂಕ ಕಮ್ಮಿ ಇಲ್ಲ.

ಎಷ್ಟು ಸವೆಯುವ ತನಕ ಓಡಿಸಬಹುದು? ಜರ್ಮನಿಯ ಕಾನೂನಿಗೆ 1.6 ಮಿ.ಮೀ. ಸಾಕು. ಆದರೆ 4 ಮಿ.ಮೀ.ಗಿಂತ ಕೆಳಗೆ ಹೋದ ಮೇಲೆ ಹಿಮ ಹಿಡಿಯುವ ಸೀಳುಗಳಿಗೆ ಆಳವೇ ಉಳಿದಿರುವುದಿಲ್ಲ. ಅಳತೆ ಸಾಮಾನು ಬೇಕಿಲ್ಲ, ಎರಡು ಯೂರೋ ನಾಣ್ಯವನ್ನು ಗೀರಿನಲ್ಲಿ ನಿಲ್ಲಿಸಿ, ಸುತ್ತಿನ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ 4 ಮಿ.ಮೀ. ಇದೆ ಅಂತ. ಗಡಿ ದಾಟುವವರಿಗೆ ಇದು ಸಲಹೆ ಅಲ್ಲ, ಕಾನೂನು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ ಚಳಿಗಾಲದ ರಸ್ತೆ ಇದ್ದರೆ ಚಳಿಗಾಲದ ಟೈರ್ ಬೇಕು, 4 ಮಿ.ಮೀ.ಗಿಂತ ಕಮ್ಮಿ ಇದ್ದರೆ ಅದು ಚಳಿಗಾಲದ ಟೈರ್ ಅಂತ ಲೆಕ್ಕಕ್ಕೇ ಬರುವುದಿಲ್ಲ. ಇನ್ಸ್‌ಬ್ರುಕ್‌ಗೆ ಹೋಗಿ ಬರೋಣ ಅಂತ ಹೊರಡುವ ಮುಂಚೆ ನಾಣ್ಯ ಹಾಕಿ ನೋಡಿ. ಬ್ರೆನ್ನರ್ ಘಾಟಿ ದಾಟಿ ಇಟಲಿಗೆ ಹೋದರೆ ಅಲ್ಲಿನ ಎ22 ಹೆದ್ದಾರಿಯಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರ ತನಕ ಚಳಿಗಾಲದ ಟೈರ್ ಅಥವಾ ಚಕ್ರದ ಸರಪಳಿ ಜೊತೆಗಿರಬೇಕು. ನೀಲಿ ಬಣ್ಣದ ದುಂಡು ಫಲಕದಲ್ಲಿ ಸರಪಳಿ ಸುತ್ತಿದ ಚಕ್ರದ ಚಿತ್ರ ಕಂಡರೆ ಟೈರ್ ಎಷ್ಟೇ ಒಳ್ಳೆಯದಿದ್ದರೂ ಸರಪಳಿ ಹಾಕಲೇಬೇಕು, ಎಂಜಿನ್ ಎಳೆಯುವ ಚಕ್ರಗಳಿಗೆ. ಜರ್ಮನಿಯಲ್ಲಿ ಸರಪಳಿ ಹಾಕಿದ ಮೇಲೆ 50 ದಾಟುವಂತಿಲ್ಲ.

ಬದಲಾಯಿಸುವ ಸಮಯಕ್ಕೆ ಇಲ್ಲಿನವರು ಅಕ್ಟೋಬರ್‌ನಿಂದ ಈಸ್ಟರ್ ತನಕ ಅಂತ ಲೆಕ್ಕ ಇಟ್ಟುಕೊಂಡಿದ್ದಾರೆ. ಸೆಪ್ಟೆಂಬರ್‌ನಲ್ಲೇ ಗ್ಯಾರೇಜ್‌ಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಮೊದಲ ಹಿಮದ ಮುನ್ಸೂಚನೆ ಬಂದ ವಾರ ಯಾರೂ ಫೋನ್ ಎತ್ತುವುದಿಲ್ಲ. ನಾನೀಗ ಜಾಕ್ ಇಟ್ಟು ನಾನೇ ಮಾಡಿಕೊಳ್ಳುತ್ತೇನೆ. ಒಂದು ಗ್ಯಾರೇಜ್‌ನಲ್ಲಿ ಗಾಳಿ ಗನ್ನಿನಿಂದ ಬೋಲ್ಟ್ ಎಷ್ಟು ಬಿಗಿದಿದ್ದರು ಅಂದರೆ ಬಿಚ್ಚಲು ಪಾನಾ ಮೇಲೆ ಹತ್ತಿ ನಿಲ್ಲಬೇಕಾಯಿತು, ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಟಾರ್ಕ್ ರೆಂಚ್ ಒಂದು ಕೊಂಡುಕೊಳ್ಳಿ. ನನ್ನ ಗಾಲ್ಫ್‌ಗೆ 120 ನ್ಯೂಟನ್ ಮೀಟರ್, ನಿಮ್ಮದಕ್ಕೆ ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಿ. ನಾಲ್ಕರಲ್ಲಿ ಗ್ರಿಪ್ (ಗೀರಿನ ಆಳ) ಜಾಸ್ತಿ ಉಳಿದಿರುವ ಎರಡು ಹಿಂದಕ್ಕೆ ಹೋಗಲಿ. ಮುಂದಿನ ಚಕ್ರಕ್ಕೆ ಎಳೆತ ಇರುವ ಕಾರಿಗೆ ಇದು ವಿಚಿತ್ರ ಅನಿಸಬಹುದು, ಆದರೆ ಹಿಂಭಾಗ ಜಾರಿ ಕಾರು ತಿರುಗಿಬಿಟ್ಟರೆ ನಮ್ಮಂಥ ಸಾಮಾನ್ಯರಿಗೆ ಹಿಡಿಯಲು ಆಗುವುದಿಲ್ಲ. ಟೈರ್ ಗೋಡೆಯಲ್ಲಿ ಬಾಣದ ಗುರುತು ಇದ್ದರೆ ಆ ದಿಕ್ಕಿಗೇ ಹಾಕಬೇಕು. ಬಿಚ್ಚಿದ ಚಕ್ರದ ಮೇಲೆ ಎಡ ಮುಂದೆ, ಬಲ ಹಿಂದೆ ಅಂತ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಮುಂದಿನ ಸಲ ಸುಲಭ.

2014ರ ನವೆಂಬರ್‌ನಿಂದ ಯೂರೋಪಿನಲ್ಲಿ ಮಾರಾಟವಾದ ಎಲ್ಲ ಹೊಸ ಕಾರುಗಳಲ್ಲೂ ಗಾಳಿ ಒತ್ತಡ ನೋಡುವ ವ್ಯವಸ್ಥೆ ಇರುತ್ತದೆ. ಗಾಲ್ಫ್ 7ರಲ್ಲಿ ಅದು ಎಬಿಎಸ್ ಮೂಲಕವೇ ಕೆಲಸ ಮಾಡುವುದರಿಂದ ಚಕ್ರದೊಳಗೆ ಸೆನ್ಸರ್ ಬೇಕಿಲ್ಲ, ಚಕ್ರ ಬದಲಾಯಿಸಿದ ಮೇಲೆ ಮೆನುಗೆ ಹೋಗಿ ಹೊಸದಾಗಿ ಒತ್ತಡ ಸೆಟ್ ಮಾಡಿದರೆ ಮುಗಿಯಿತು. ಬೇರೆ ಎಷ್ಟೋ ಕಾರುಗಳಿಗೆ ಪ್ರತಿ ರಿಮ್‌ಗೂ ಸೆನ್ಸರ್ ಬೇಕು, ಎರಡನೇ ಸೆಟ್ ರಿಮ್ ಕೊಳ್ಳುವಾಗ ಆ ದುಡ್ಡೂ ಸೇರಿಸಿಕೊಳ್ಳಿ. ಹತ್ತು ಡಿಗ್ರಿ ಚಳಿ ಏರಿದರೆ ಟೈರ್ ಒಳಗಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ತುಂಬಿಸಿ ಜನವರಿ ತನಕ ಮರೆತರೆ ದೀಪ ಹತ್ತುವುದು ಅದಕ್ಕೇ, ಪಂಕ್ಚರ್ ಅಂತ ಗಾಬರಿ ಬೇಡ.

ಸೆಕೆಂಡ್ ಹ್ಯಾಂಡ್ ಟೈರ್ ತಗೊಳ್ಳುವುದು ತಪ್ಪೇನಲ್ಲ. ವಾಪಸ್ ಊರಿಗೆ ಹೊರಟವರು ರಿಮ್ ಸಮೇತ ಮಾರುತ್ತಾರೆ, ಒಳ್ಳೆಯ ಬೆಲೆಗೆ ಸಿಗುತ್ತದೆ. ಗ್ರಿಪ್ 6 ಮಿ.ಮೀ. ಆದರೂ ಇರಲಿ, ನಾಲ್ಕೂ ಒಂದೇ ಮಾದರಿ ಇರಲಿ, ಡಿಒಟಿ ನೋಡಿ. ಗ್ರಿಪ್ ಎಷ್ಟೇ ಚೆನ್ನಾಗಿ ಕಂಡರೂ ಎಂಟು ವರ್ಷ ಹತ್ತಿರ ಬಂದ ಟೈರ್ ಬೇಡ, ರಬ್ಬರ್ ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ, ಸೀಳುಗಳ ಬುಡದಲ್ಲಿ ಬಿರುಕು ಇದೆಯಾ ನೋಡಿ.

ಕಾರೇ ಇಲ್ಲ, ಕ್ರಿಸ್ಮಸ್ ರಜೆಗೆ ಬಾಡಿಗೆಗೆ ತಗೊಂಡು ಆಸ್ಟ್ರಿಯಾ ಸುತ್ತುವವರು ಬುಕ್ ಮಾಡುವಾಗಲೇ ಚಳಿಗಾಲದ ಟೈರ್ ಸೇರಿದೆಯಾ ಅಂತ ಓದಿ, ಕೆಲವು ಕಡೆ ಅದಕ್ಕೆ ಬೇರೆ ದುಡ್ಡು. ಕೀ ಕೈಗೆ ಬಂದ ಮೇಲೆ ಡಿಕ್ಕಿಗೆ ಸೂಟ್‌ಕೇಸ್ ಹಾಕುವ ಮುಂಚೆ ನಾಲ್ಕೂ ಟೈರ್ ಸುತ್ತ ಒಮ್ಮೆ ಬಗ್ಗಿ ನೋಡಿ, ಬೆಟ್ಟದ ಚಿಹ್ನೆ ಇದೆಯಾ, ನಾಣ್ಯ ಮುಳುಗುತ್ತಾ ಅಂತ. ಇಲ್ಲದಿದ್ದರೆ ಅಲ್ಲೇ ಬೇರೆ ಕಾರು ಕೇಳಿ. ರಸ್ತೆಯಲ್ಲಿ ಪೊಲೀಸರು ಮೊದಲು ನಿಲ್ಲಿಸುವುದು ಓಡಿಸುತ್ತಿರುವವರನ್ನೇ.